ಮೂಳೆ ಸಿಕ್ಕಿದ್ದು ಬೀಚಲ್ಲಿ, ಹೆಸರು ಸಿಗಕ್ಕೆ ನಾಲ್ಕು ವರ್ಷ: ಹವ್ಯಾಸಿಗಳ ಕೈಗೆ ಸಿಗೋ ಫಾಸಿಲ್ ಯಾವುದು ಅಂತ ಹೇಳೋದು ಯಾಕಿಷ್ಟು ಕಷ್ಟ

2024ರ ಏಪ್ರಿಲಲ್ಲಿ ಒಂದು ಸುದ್ದಿ ಓಡಾಡ್ತು, ನೀವೂ ನೋಡಿರ್ಬಹುದು. ಇಂಗ್ಲೆಂಡಿನ ಸಾಮರ್ಸೆಟ್ ಕಡೆ 11 ವರ್ಷದ ಹುಡುಗಿ ಅಪ್ಪನ ಜೊತೆ ಬೀಚಿಗೆ ಹೋಗಿದ್ದಾಗ ಮೂಳೆ ಸಿಕ್ತು, ಅದು ನೀಲಿ ತಿಮಿಂಗಿಲದ ಹತ್ತತ್ರ ಸೈಜಿನ ಸಮುದ್ರ ಸರೀಸೃಪದ್ದು, ಹೊಸ ಜಾತಿ, ಹೆಸರು ಇಕ್ಥಿಯೋಟೈಟಾನ್ ಸೆವೆರ್ನೆನ್ಸಿಸ್. ಸುದ್ದಿ ಅಷ್ಟೇ. ಹುಡುಗಿ ಫೋಟೋ, ಮೂಳೆ ಫೋಟೋ, ಜೊತೆಗೆ ಒಂದು ಬಣ್ಣಬಣ್ಣದ ಚಿತ್ರ, ಮುಗೀತು. ಆದ್ರೆ ನಂಗೆ ಇಂಟರೆಸ್ಟಿಂಗ್ ಅನ್ಸಿದ್ದು ಸುದ್ದಿಯಲ್ಲಿ ಬರದೇ ಇರೋ ಭಾಗ. ಆ ಮೂಳೆ ಸಿಕ್ಕಿದ್ದು 2020ರ ಮೇ ತಿಂಗಳಲ್ಲಿ, ಅದ್ರ ಬಗ್ಗೆ ಸಂಶೋಧನಾ ಪೇಪರ್ ಬಂದಿದ್ದು 2024ರ ಏಪ್ರಿಲಲ್ಲಿ, ಅಷ್ಟೊತ್ತಿಗೆ ಆ ಹುಡುಗಿಗೆ 15 ವರ್ಷ. ಮಧ್ಯದ ನಾಲ್ಕು ವರ್ಷ ಏನು ಮಾಡ್ತಿದ್ರು? ಒಂದು ಮೂಳೆ ನೋಡಿ ಇದು ಇಂಥಾದ್ದು ಅಂತ ಹೇಳಕ್ಕೆ ಅಷ್ಟು ಟೈಮ್ ಬೇಕಾ?

ಬೇಕು. ಯಾಕೆ ಬೇಕು ಅಂತ ಅರ್ಥ ಆದ್ರೆ, "ನಮ್ಮ ಹೊಲದಲ್ಲಿ ಸಿಕ್ತು, ಇದು ಡೈನೋಸಾರ್ ಮೊಟ್ಟೇನಾ" ಅಂತ ಫೋಟೋ ಹಾಕಿ ಕೇಳೋರಿಗೆ ಯಾಕೆ ಯಾವ ತಜ್ಞರೂ ನೆಟ್ಟಗೆ ಉತ್ತರ ಕೊಡಲ್ಲ ಅನ್ನೋದೂ ಅರ್ಥ ಆಗತ್ತೆ. ಅವರು ಜಂಬ ಮಾಡ್ತಿಲ್ಲ, ನಿಜವಾಗ್ಲೂ ಫೋಟೋದಲ್ಲಿ ಉತ್ತರ ಇರಲ್ಲ.

ಮೊದಲು ಕಥೆ. ಬ್ಲೂ ಆ್ಯಂಕರ್ ಅನ್ನೋ ಊರಿನ ಬೀಚು. ಸೆವೆರ್ನ್ ನದಿ ಸಮುದ್ರ ಸೇರೋ ಆ ಕಡೆಯೆಲ್ಲ ಭರತ ಇಳಿತ ಅಂದ್ರೆ ಸಾಮಾನ್ಯ ಅಲ್ಲ, ಪ್ರಪಂಚದಲ್ಲೇ ಅತಿ ಹೆಚ್ಚು ಏರಿಳಿತ ಇರೋ ಜಾಗಗಳಲ್ಲಿ ಅದೊಂದು, ಕೆಲವು ದಿನ 14 ಮೀಟರ್ ಹತ್ರ ಹೋಗತ್ತೆ. ಹಂಗಾಗಿ ದಡದ ಜೇಡಿಕಲ್ಲು ದಿನಾ ಕೊಚ್ಚಿ ಹೋಗ್ತಾ ಇರತ್ತೆ, ಒಳಗಿರೋದು ಹೊರಗೆ ಬೀಳ್ತಾ ಇರತ್ತೆ, ಯಾರೂ ನೋಡಿಲ್ಲ ಅಂದ್ರೆ ಮುಂದಿನ ಅಲೆಗೆ ಅದೂ ಪುಡಿ. ಮೊದಲ ತುಂಡು ಕಂಡಿದ್ದು ಅಪ್ಪನಿಗೆ. ಅದಕ್ಕಿಂತ ದೊಡ್ಡ ತುಂಡು ಸ್ವಲ್ಪ ಮೇಲೆ ಕೆಸರಲ್ಲಿ ಅರ್ಧ ಹೂತಿದ್ದು ಮಗಳಿಗೆ ಕಾಣಿಸ್ತು. ಇಲ್ಲಿವರೆಗೆ ಅದೃಷ್ಟ ಅಂದ್ಕೊಳ್ಳಿ. ಇದಾದ್ಮೇಲೆ ಅವರು ಮಾಡಿದ್ದು ಅದೃಷ್ಟ ಅಲ್ಲ. ಮನೆಗೆ ತಗೊಂಡು ಹೋಗಿ ಶೋಕೇಸಲ್ಲಿ ಇಡ್ಲಿಲ್ಲ, ಆನ್‌ಲೈನಲ್ಲಿ ಮಾರಕ್ಕೆ ಹೋಗ್ಲಿಲ್ಲ, ಇಕ್ಥಿಯೋಸಾರ್ ಅನ್ನೋ ಹಳೇ ಕಾಲದ ಸಮುದ್ರ ಸರೀಸೃಪಗಳ ಮೇಲೇ ಕೆಲ್ಸ ಮಾಡೋ ಡೀನ್ ಲೋಮ್ಯಾಕ್ಸ್ ಅನ್ನೋ ಪ್ರಾಗ್ಜೀವಿ ತಜ್ಞನಿಗೆ ಮೇಲ್ ಮಾಡಿದ್ರು.

ಯಾಕೆ ಅವನಿಗೇ? ಯಾಕಂದ್ರೆ 2018ರಲ್ಲಿ ಅವನದೊಂದು ಪೇಪರ್ ಬಂದಿತ್ತು, ಅದ್ರಲ್ಲಿ ಇಂಥದೇ ಮೂಳೆ ಇತ್ತು. ಅದನ್ನ ಹುಡುಕಿದ್ದೂ ಒಬ್ಬ ಹವ್ಯಾಸಿನೇ, ಪಾಲ್ ಡಿ ಲಾ ಸಾಲ್ ಅಂತ. 2016ರ ಮೇ ತಿಂಗಳಲ್ಲಿ ಅದೇ ಕರಾವಳಿಯ ಲಿಲ್‌ಸ್ಟಾಕ್ ಬೀಚಲ್ಲಿ, ಅಂದ್ರೆ ಬ್ಲೂ ಆ್ಯಂಕರಿಂದ ಹತ್ತು ಕಿಲೋಮೀಟರ್ ಆಸುಪಾಸಲ್ಲಿ, ಮೊದ್ಲು ಒಂದು ತುಂಡು ಸಿಕ್ತು, ಆಮೇಲೆ ಮತ್ತೆ ಹೋಗಿ ಮಿಕ್ಕ ತುಂಡುಗಳನ್ನ ಹೆಕ್ಕಿ ತಂದು ಜೋಡಿಸ್ದಾಗ 96 ಸೆಂಟಿಮೀಟರ್ ಉದ್ದದ ಮೂಳೆ ಆಯ್ತು. ಅದೂ ಪೂರ್ತಿ ಅಲ್ಲ, ಮುರಿದಿದ್ದೇ. ಆ ಒಂದು ಮೂಳೆ ಇಟ್ಕೊಂಡು ಹೊಸ ಜಾತಿ ಅಂತ ಹೆಸರಿಡ್ಬಹುದಿತ್ತು, ಹೆಡ್‌ಲೈನ್ ಆಗ್ತಿತ್ತು, ಆದ್ರೆ ಇಡ್ಲಿಲ್ಲ. "ದೈತ್ಯ ಇಕ್ಥಿಯೋಸಾರಿನ ಕೆಳದವಡೆ ಮೂಳೆ" ಅಂತ ಮಾತ್ರ ಹೇಳಿ ನಿಲ್ಲಿಸಿದ್ರು. ಈ ನಿಲ್ಲಿಸೋದಿದ್ಯಲ್ಲ, ಇದು ಗುರುತಿಸೋ ಕೆಲ್ಸದಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ ಅಂತ ನನ್ನ ಅಭಿಪ್ರಾಯ.

ಎರಡನೇ ಮೂಳೆ ಸಿಕ್ಕಿದ ಮೇಲೆ ಅಪ್ಪ, ಮಗಳು, ಪಾಲ್, ಲೋಮ್ಯಾಕ್ಸ್ ಎಲ್ಲ ಸೇರಿ ಬ್ಲೂ ಆ್ಯಂಕರಿಗೆ ಮತ್ತೆ ಮತ್ತೆ ಹೋದ್ರು, ತುಂಡು ತುಂಡಾಗಿ ಹೆಕ್ಕಿದ್ರು, ಕೊನೇ ತುಂಡು ಸಿಕ್ಕಿದ್ದು 2022ರ ಅಕ್ಟೋಬರಲ್ಲಿ. ಜೋಡಿಸಿ ಲೆಕ್ಕ ಹಾಕಿದ್ರೆ ಎರಡು ಮೀಟರ್ ಮೀರಿದ ಮೂಳೆ, ಅದೂ ದವಡೆಯ ಒಂದು ಭಾಗ ಮಾತ್ರ. ನಾಲ್ಕು ವರ್ಷದಲ್ಲಿ ಎರಡು ವರ್ಷಕ್ಕಿಂತ ಜಾಸ್ತಿ ಹೋಗಿದ್ದು ಬರೀ ತುಂಡು ಹುಡುಕಕ್ಕೆ.

ಈಗ ವಿಷಯಕ್ಕೆ ಬರೋಣ, ಗುರುತಿಸಿದ್ದು ಹೇಗೆ.

ಮೊದಲನೇ ಪ್ರಶ್ನೆ ಯಾವ ಪ್ರಾಣಿ ಅಂತ ಅಲ್ಲ, ಯಾವ ಮೂಳೆ ಅಂತ. ಇದನ್ನ ತುಂಬ ಜನ ಮಿಸ್ ಮಾಡ್ತಾರೆ. ಉದ್ದಕ್ಕೆ ದುಂಡಗೆ ಕಂಬದ ಥರ ಇರೋ ಮೂಳೆ ಕಂಡ್ರೆ ಎಲ್ಲರಿಗೂ ಮೊದ್ಲು ತಲೆಗೆ ಬರೋದು ಕಾಲಿನ ಮೂಳೆ. ಆದ್ರೆ ಇದು ಸರಾಂಗ್ಯುಲರ್ ಅನ್ನೋ ಮೂಳೆ, ಸರೀಸೃಪಗಳ ಕೆಳದವಡೆ ನಮ್ಮ ಥರ ಒಂದೇ ಮೂಳೆ ಅಲ್ಲ, ಹಲವು ಮೂಳೆ ಸೇರಿ ಆಗಿರತ್ತೆ, ಅದ್ರಲ್ಲಿ ಹಿಂದಿನ ಭಾಗದಲ್ಲಿ ಬರೋದು ಇದು. ದವಡೆ ಮುಚ್ಚೋ ಸ್ನಾಯು ಅಂಟೋ ಜಾಗದಲ್ಲಿ ಒಂದು ಉಬ್ಬು ಇರತ್ತೆ, ಆ ಉಬ್ಬು ಎಲ್ಲಿದೆ, ಅದ್ರ ಆಕಾರ ಹೇಗಿದೆ, ಅಡ್ಡಕ್ಕೆ ಕತ್ತರಿಸಿದ್ರೆ ಮೂಳೆಯ ಆಕಾರ ಮುಂದಿಂದ ಹಿಂದಕ್ಕೆ ಹೆಂಗೆ ಬದಲಾಗತ್ತೆ, ಇದನ್ನೆಲ್ಲ ನೋಡಿನೇ ಇದು ಯಾವ ಮೂಳೆ ಅಂತ ಹೇಳೋದು. ಲಿಲ್‌ಸ್ಟಾಕ್ ಮೂಳೆಗೂ ಬ್ಲೂ ಆ್ಯಂಕರ್ ಮೂಳೆಗೂ ಈ ಲಕ್ಷಣಗಳು ಹೊಂದಿದ್ವು, ಬೇರೆ ಯಾವ ಗೊತ್ತಿರೋ ಇಕ್ಥಿಯೋಸಾರಿಗೂ ಅವು ಅದೇ ಥರ ಇರ್ಲಿಲ್ಲ. ಒಂದೇ ಮೂಳೆ ಇದ್ದಾಗ ಅದು ವಿಚಿತ್ರವಾಗಿದ್ರೆ ಆ ಒಂದು ಪ್ರಾಣಿ ವಿಚಿತ್ರವಾಗಿತ್ತೇನೋ, ಅಥವಾ ಕಲ್ಲಿನ ಭಾರಕ್ಕೆ ಮೂಳೆ ಜಜ್ಜಿ ಹಂಗಾಯ್ತೇನೋ ಅನ್ನೋ ಡೌಟ್ ಇದ್ದೇ ಇರತ್ತೆ. ಬೇರೆ ಪ್ರಾಣಿದು, ಬೇರೆ ಜಾಗದಲ್ಲಿ, ಆದ್ರೆ ಅದೇ ಕಾಲದ ಕಲ್ಲಲ್ಲಿ ಅದೇ ವಿಚಿತ್ರ ಮತ್ತೆ ಸಿಕ್ರೆ ಆಗ ಅದು ಲಕ್ಷಣ. 2018ರಲ್ಲಿ ಸಿಗದೇ ಇದ್ದ ಹೆಸರು 2024ರಲ್ಲಿ ಸಿಕ್ಕಿದ್ದು ಇದಕ್ಕೇ.

ಎರಡನೇದು ಮೂಳೆ ಒಳಗೆ ನೋಡೋದು. ಸಣ್ಣ ತುಂಡು ಕತ್ತರಿಸಿ, ಬೆಳಕು ಹಾಯೋಷ್ಟು ತೆಳ್ಳಗೆ ಉಜ್ಜಿ, ಮೈಕ್ರೋಸ್ಕೋಪ್ ಕೆಳಗೆ ಇಡೋದು. ಬಾನ್ ವಿಶ್ವವಿದ್ಯಾಲಯದ ಮಾರ್ಚೆಲ್ಲೊ ಪೆರಿಲ್ಲೊ ಈ ಕೆಲ್ಸ ಮಾಡಿದ್ದು. ಮೂಳೆ ಬೆಳೆಯೋ ರೀತಿ, ನಾರುಗಳು ಹೆಣೆದ ರೀತಿ ಒಂದೊಂದು ಗುಂಪಿಗೆ ಒಂದೊಂದು ಥರ. ಡೈನೋಸಾರ್ ಕಾಲಿನ ಮೂಳೆ ಒಳಗೆ ಕಾಣೋ ಚಿತ್ರ ಇಲ್ಲಿ ಕಾಣಲ್ಲ, ದೈತ್ಯ ಇಕ್ಥಿಯೋಸಾರ್ ದವಡೆಗಳಲ್ಲಿ ಮಾತ್ರ ಕಾಣೋ ಒಂದು ವಿಚಿತ್ರ ಹೆಣಿಗೆ ಕಾಣತ್ತೆ. ಇನ್ನೊಂದು ವಿಷಯ ಅದ್ರಲ್ಲೇ ಗೊತ್ತಾಗಿದ್ದು, ಆ ಪ್ರಾಣಿ ಸಾಯೋ ಹೊತ್ತಿಗೆ ಇನ್ನೂ ಬೆಳೀತಾ ಇತ್ತು. ಇನ್ನೂ ಬೆಳೀತಾ! ಎರಡು ಮೀಟರ್ ದವಡೆ ಮೂಳೆ ಇಟ್ಕೊಂಡು.

ಮೂರನೇದು ಜಾಗ. ಎರಡೂ ಸಿಕ್ಕಿದ್ದು ವೆಸ್ಟ್‌ಬರಿ ಮಡ್‌ಸ್ಟೋನ್ ಅನ್ನೋ ಕಲ್ಲಿನ ಪದರದ್ದು ಅಂತ ಗೊತ್ತಿತ್ತು, ಅದ್ರ ವಯಸ್ಸು ಸುಮಾರು 20 ಕೋಟಿ 20 ಲಕ್ಷ ವರ್ಷ, ಟ್ರಯಾಸಿಕ್ ಯುಗದ ಕೊನೇ ಹಂತ, ಜೀವಿಗಳ ದೊಡ್ಡ ವಿನಾಶಕ್ಕೆ ಸ್ವಲ್ಪ ಮುಂಚೆ. ಇದು ಯಾಕೆ ಮುಖ್ಯ ಅಂದ್ರೆ, ಇಂಥ ಸೈಜಿನ ಸಂಬಂಧಿಕರು, ಕೆನಡಾದ ಶೋನಿಸಾರಸ್ ಸಿಕಾನಿಯೆನ್ಸಿಸ್, ಟಿಬೆಟಿನ ಹಿಮಾಲಯಸಾರಸ್, ಇವೆಲ್ಲ ಸುಮಾರು 1 ಕೋಟಿ 30 ಲಕ್ಷ ವರ್ಷ ಹಳೇವು. ಅಷ್ಟು ಕಾಲದ ಅಂತರದಲ್ಲಿ ಅದೇ ಜಾತಿ ಹಂಗೇ ಉಳ್ಕೊಂಡಿರೋ ಸಾಧ್ಯತೆ ಕಮ್ಮಿ, ಹೊಸ ಹೆಸರಿಗೆ ಇದೂ ಒಂದು ಆಧಾರ. ಅಂದ್ರೆ ಹೆಸರಿನ ಒಂದು ಕಾಲು ಮೂಳೆ ಮೇಲಿದೆ, ಇನ್ನೊಂದು ಕಾಲು ಆ ಮೂಳೆ ಬಿದ್ದಿದ್ದ ಜಾಗದ ಮೇಲಿದೆ. ಅಪ್ಪ ಮಗಳು ಅದೇ ಮೂಳೇನ "ಎಲ್ಲೋ ಬೀಚಲ್ಲಿ ಸಿಕ್ತು, ಯಾವ ಬೀಚು ನೆನಪಿಲ್ಲ" ಅಂತ ಹತ್ತು ವರ್ಷ ಆದ್ಮೇಲೆ ತಂದು ಕೊಟ್ಟಿದ್ರೆ ಅರ್ಧ ವಿಜ್ಞಾನ ಅಲ್ಲೇ ಹೋಗಿರ್ತಿತ್ತು.

ಇಲ್ಲಿ ಒಂದು ಹಳೇ ಎಡವಟ್ಟಿನ ವಿಷಯ ಹೇಳ್ಲೇಬೇಕು. ಸೆವೆರ್ನ್ ದಡದಲ್ಲೇ ಗ್ಲೌಸ್ಟರ್‌ಶೈರ್ ಕಡೆ ಆಸ್ಟ್ ಕ್ಲಿಫ್ ಅಂತ ಒಂದು ಬಂಡೆ ಗೋಡೆ ಇದೆ. 1850ರಷ್ಟು ಹಿಂದೆಯಿಂದ ಅಲ್ಲಿ ದೊಡ್ಡ ದೊಡ್ಡ ಕಂಬದಂಥ ಮೂಳೆ ತುಂಡುಗಳು ಸಿಕ್ತಾ ಇದ್ವು. ಇವು ಡೈನೋಸಾರಿನ ಕಾಲುಮೂಳೆ ಅಂದ್ರು, ಬೇರೆ ಯಾವ್ದೋ ದೊಡ್ಡ ನೆಲವಾಸಿ ಸರೀಸೃಪದ್ದು ಅಂದ್ರು, ಒಬ್ಬೊಬ್ಬರು ಒಂದೊಂದು ಹೇಳಿದ್ರು. ಟ್ರಯಾಸಿಕ್ ಕಾಲದಲ್ಲಿ ಅಷ್ಟು ದೊಡ್ಡ ಡೈನೋಸಾರ್ ಬೇರೆಲ್ಲೂ ಕಾಣ್ತಿಲ್ವಲ್ಲ ಅನ್ನೋ ಪ್ರಶ್ನೆಗೆ ಉತ್ತರ ಇರ್ಲಿಲ್ಲ, ಆದ್ರೂ ಆ ಲೇಬಲ್ ಮ್ಯೂಸಿಯಂಗಳಲ್ಲಿ ಹಂಗೇ ಇತ್ತು. 2018ರಲ್ಲಿ ಪಾಲ್ ತಂದ ಲಿಲ್‌ಸ್ಟಾಕ್ ಮೂಳೆ ಪಕ್ಕಕ್ಕೆ ಇಟ್ಟು ನೋಡಿದ್ರೆ ಆಸ್ಟ್ ತುಂಡುಗಳೂ ಅದೇ ಥರ, ದೈತ್ಯ ಇಕ್ಥಿಯೋಸಾರ್ ದವಡೆ ಚೂರುಗಳು. 2024ರಲ್ಲಿ ಪೆರಿಲ್ಲೊ ಮತ್ತು ಮಾರ್ಟಿನ್ ಸ್ಯಾಂಡರ್ ಮೂಳೆ ಒಳಗಿನ ರಚನೆ ನೋಡಿ ಅದನ್ನೇ ಬೆಂಬಲಿಸಿದ್ರು. 168 ವರ್ಷ ದೊಡ್ಡ ದೊಡ್ಡ ಪಂಡಿತರು ಕಾಲು ಅಂತಿದ್ದಿದ್ದನ್ನ ದವಡೆ ಅಂತ ತೋರಿಸಿದ್ದು ಒಬ್ಬ ಹವ್ಯಾಸಿ ತಂದ ಮೂಳೆ. ಪಂಡಿತರು ದಡ್ಡರಾಗಿದ್ರು ಅಂತ ಅಲ್ಲ, ಅವರ ಹತ್ರ ಪಕ್ಕಕ್ಕೆ ಇಟ್ಟು ನೋಡಕ್ಕೆ ಸರಿಯಾದ ಮೂಳೆ ಇರ್ಲಿಲ್ಲ ಅಷ್ಟೇ. ಗುರುತಿಸೋದು ಅಂದ್ರೆ ಕೊನೆಗೆ ಹೋಲಿಸೋದೇ, ಹೋಲಿಸಕ್ಕೆ ಏನೂ ಇಲ್ದಿದ್ರೆ ಎಂಥಾ ತಲೆ ಇದ್ರೂ ಗೆಸ್ ಹೊಡೀಬೇಕು.

ಇನ್ನು ಆ ಪ್ರಾಣಿ 25 ಮೀಟರ್ ಉದ್ದ ಅನ್ನೋ ನಂಬರ್. ಎಲ್ಲ ಕಡೆ ಅದೇ ಹೆಡ್‌ಲೈನ್. ಅದು ಬಂದಿದ್ದು ಹೆಂಗೆ ಅಂದ್ರೆ ಕೆನಡಾದಲ್ಲಿ ಸಿಕ್ಕಿರೋ ಶೋನಿಸಾರಸ್ ಸಿಕಾನಿಯೆನ್ಸಿಸ್ ಸುಮಾರು 21 ಮೀಟರ್ ಅಂತ ಲೆಕ್ಕ, ಅಲ್ಬರ್ಟಾದ ರಾಯಲ್ ಟಿರೆಲ್ ಮ್ಯೂಸಿಯಮ್ಮಿಗೆ ಹೋಗಿ ಅದ್ರ ದವಡೆ ಅಳೆದು ನೋಡಿದ್ರೆ ಲಿಲ್‌ಸ್ಟಾಕ್ ಮೂಳೆ ಅದಕ್ಕಿಂತ ಕಾಲು ಭಾಗ ದೊಡ್ಡದು, ಹಂಗಾಗಿ ಪ್ರಾಣೀನೂ ಅಷ್ಟೇ ದೊಡ್ಡದು ಅಂದ್ಕೊಂಡ್ರೆ 26 ಮೀಟರ್ ವರೆಗೆ ಬರತ್ತೆ. ಈ "ಅಂದ್ಕೊಂಡ್ರೆ" ನೋಡಿ, ಅದ್ರ ಮೇಲೇ ಎಲ್ಲ ನಿಂತಿರೋದು. ತಲೆ ದೊಡ್ಡದಿದ್ದು ಮೈ ಚಿಕ್ಕದಿರೋ ಇಕ್ಥಿಯೋಸಾರ್‌ಗಳೂ ಇವೆ, ಉಲ್ಟಾನೂ ಇವೆ. ಅದೂ ಸಾಲದು ಅಂತ ಆ ಕೆನಡಾ ಪ್ರಾಣಿ ನಿಜವಾಗ್ಲೂ ಶೋನಿಸಾರಸ್ಸೇ ಹೌದಾ, ಶಾಸ್ತಾಸಾರಸ್ ಗುಂಪಿಗೆ ಸೇರ್ಬೇಕಾ ಅಂತಲೂ ಜಗಳ ಇದೆ, ಅಂದ್ರೆ ಅಳತೆಗೆ ಇಟ್ಕೊಂಡಿರೋ ಕೋಲಿನ ಹೆಸರೇ ಪಕ್ಕಾ ಇಲ್ಲ. ಪೇಪರ್ ಬರೆದೋರೇ ಇದು ಅಂದಾಜು ಅಂತ ಹೇಳ್ತಾರೆ, ಸುದ್ದಿ ಮಾಡೋರು ಆ ಪದ ಹಾರಿಸ್ಬಿಡ್ತಾರೆ. ದೈತ್ಯ ಇಕ್ಥಿಯೋಸಾರ್ ಅನ್ನೋದು ಗಟ್ಟಿ, ಹೊಸ ಜಾತಿ ಅನ್ನೋದು ಸಾಕಷ್ಟು ಗಟ್ಟಿ, 25 ಮೀಟರ್ ಅನ್ನೋದು ತಲೆಬುರುಡೆ, ಬೆನ್ನುಮೂಳೆ ಸಿಗೋವರೆಗೂ ಲೂಸ್. ಒಂದೇ ಸುದ್ದಿಯಲ್ಲಿ ಮೂರು ಥರದ ಗಟ್ಟಿತನ ಇದೆ ಅಂತ ಓದೋವಾಗ ನೆನಪಿಟ್ಕೊಂಡ್ರೆ ಸಾಕು.

ಇದಕ್ಕೆ ಪೂರ್ತಿ ಉಲ್ಟಾ ಕೇಸ್ ಅಮೆರಿಕದ್ದು. 1950ರ ದಶಕದಲ್ಲಿ ಇಲಿನಾಯ್ ರಾಜ್ಯದ ಮೇಜನ್ ಕ್ರೀಕ್ ಕಡೆ ಫ್ರಾನ್ಸಿಸ್ ಟಲಿ ಅನ್ನೋ ಹವ್ಯಾಸಿ ಸಂಗ್ರಾಹಕನಿಗೆ ಒಂದು ಉಂಡೆಕಲ್ಲೊಳಗೆ ವಿಚಿತ್ರ ಜೀವಿ ಅಚ್ಚು ಸಿಕ್ತು. ಉದ್ದ ಸೊಂಡಿಲಿನ ತುದಿಗೆ ಹಲ್ಲಿರೋ ಬಾಯಿ, ಮೈಯಿಂದ ಎರಡು ಕಡೆ ಚಾಚ್ಕೊಂಡ ಕಡ್ಡಿ, ಕಡ್ಡಿ ತುದಿಗೆ ಕಣ್ಣು, ಹಿಂದೆ ಈಜುರೆಕ್ಕೆ. ಶಿಕಾಗೋದ ಫೀಲ್ಡ್ ಮ್ಯೂಸಿಯಮ್ಮಿಗೆ ತಗೊಂಡೋದ್ರೆ ಅಲ್ಲಿದ್ದ ಯೂಜಿನ್ ರಿಚರ್ಡ್‌ಸನ್ನಿಗೂ ಗೊತ್ತಾಗ್ಲಿಲ್ಲ, 1966ರಲ್ಲಿ ಟಲಿ ಹೆಸರಲ್ಲೇ ಟುಲಿಮಾನ್‌ಸ್ಟ್ರಮ್ ಅಂತ ಹೆಸರಿಟ್ಟ, ಆದ್ರೆ ಯಾವ ಗುಂಪಿಗೆ ಸೇರಿಸೋದು ಅಂತ ಹೇಳ್ಲಿಲ್ಲ. ಆಮೇಲೆ ಅಂಥವು ಸಾವಿರಾರು ಸಿಕ್ವು, 1989ರಲ್ಲಿ ಅದು ಇಲಿನಾಯಿನ ರಾಜ್ಯ ಫಾಸಿಲ್ಲೇ ಆಯ್ತು. 2016ರಲ್ಲಿ ಎರಡು ತಂಡ ಇದು ಬೆನ್ನೆಲುಬಿರೋ ಪ್ರಾಣಿ ಅಂದ್ವು, ಅದ್ರಲ್ಲಿ ಒಂದು ತಂಡ ಲ್ಯಾಂಪ್ರೇ ಮೀನಿನ ನೆಂಟ ಅಂತಲೂ ಹೇಳ್ತು. 2017ರಲ್ಲಿ ಇನ್ನೊಂದು ತಂಡ ಅದು ತಪ್ಪು ಅಂತು. 2019, 2020ರಲ್ಲಿ ಕಣ್ಣಿನ ಕೆಮಿಸ್ಟ್ರಿ, ಮೈಯ ಕೆಮಿಸ್ಟ್ರಿ ಅಂತ ಎರಡೂ ಕಡೆಯಿಂದ ವಾದ. 2023ರಲ್ಲಿ ಜಪಾನಿನ ತಂಡ 150ಕ್ಕೂ ಹೆಚ್ಚು ಮಾದರಿಗಳನ್ನ ಲೇಸರ್ ಸ್ಕ್ಯಾನ್ ಮಾಡಿ ತಲೆಯಲ್ಲಿ ಕಾಣೋ ಖಂಡಗಳು ಯಾವ ಬೆನ್ನೆಲುಬಿನ ಪ್ರಾಣಿಗೂ ಹೊಂದಲ್ಲ ಅಂತ ಹೇಳ್ತು. ಮುಗೀತಾ ಅಂದ್ರೆ, ಬೆನ್ನೆಲುಬಿಲ್ಲ ಅಂದ್ಮೇಲೆ ಮತ್ತೇನು ಅನ್ನೋದಕ್ಕೆ ಅವರ ಹತ್ರನೂ ಪಕ್ಕಾ ಉತ್ತರ ಇಲ್ಲ.

ಇಡೀ ದೇಹ ಇದೆ, ಸಾವಿರಾರು ಮಾದರಿ ಇದೆ, ಎಪ್ಪತ್ತು ವರ್ಷ ಆಗಿದೆ, ಗುರುತು ಸಿಕ್ಕಿಲ್ಲ. ಆ ಕಡೆ ಮುರಿದ ಎರಡು ದವಡೆ ಮೂಳೆ, ಗುರುತು ಸಿಕ್ತು. ವ್ಯತ್ಯಾಸ ಫಾಸಿಲ್ ಎಷ್ಟು ಚೆನ್ನಾಗಿದೆ ಅನ್ನೋದ್ರಲ್ಲಿ ಇಲ್ಲ. ಇಕ್ಥಿಯೋಸಾರ್‌ಗಳನ್ನ ಇನ್ನೂರು ವರ್ಷದಿಂದ ಹೆಕ್ಕಿ ಜೋಡಿಸಿ ಅಳೆದು ಇಟ್ಟಿದ್ದಾರೆ, ಪಕ್ಕಕ್ಕೆ ಇಡಕ್ಕೆ ಬೇಕಾದಷ್ಟಿದೆ. ಟಲಿಯ ಪ್ರಾಣಿಗೆ ನೆಂಟರೇ ಸಿಕ್ಕಿಲ್ಲ.

ಇಲ್ಲಿ ಮೇರಿ ಆನಿಂಗ್ ನೆನಪಾಗ್ತಾಳೆ. 1811–12ರಲ್ಲಿ ಇಂಗ್ಲೆಂಡಿನ ಲೈಮ್ ರೀಜಿಸ್‌ನಲ್ಲಿ ಅವಳ ಅಣ್ಣ ಜೋಸೆಫ್ ಒಂದು ಇಕ್ಥಿಯೋಸಾರಿನ ತಲೆಬುರುಡೆ ಹುಡುಕಿದ, ಅವಳು ಮಿಕ್ಕ ಭಾಗ ಹುಡುಕಿದ್ಲು, ಆಗ ಅವಳಿಗೂ ಹನ್ನೊಂದು ಹನ್ನೆರಡು ವರ್ಷನೇ. 1814ರಲ್ಲಿ ಎವೆರಾರ್ಡ್ ಹೋಮ್ ಅದ್ರ ಮೇಲೆ ಪೇಪರ್ ಬರೆದ, ಆನಿಂಗ್ ಹೆಸರು ಅದ್ರಲ್ಲಿ ಎಲ್ಲೂ ಇಲ್ಲ. 2024ರ ಪೇಪರಲ್ಲಿ ಆ ಅಪ್ಪ ಮಗಳು ಇಬ್ಬರೂ ಸಹಲೇಖಕರು, ಪಾಲ್ ಕೂಡ. ಇದು ಬರೀ ಒಳ್ಳೇತನ ಅಲ್ಲ, ಯಾವ ತುಂಡು ಯಾವಾಗ ಎಲ್ಲಿ ಸಿಕ್ತು ಅನ್ನೋ ಡೇಟಾ ಅವರದ್ದೇ ತಾನೇ, ಡೇಟಾ ಕೊಟ್ಟೋರು ಲೇಖಕರಾಗ್ಲೇಬೇಕು.

ನಮ್ಮ ದೇಶದಲ್ಲೂ ಇಂಥಾದ್ದಿದೆ. 2023ರ ಜನವರಿಯಲ್ಲಿ ಮಧ್ಯಪ್ರದೇಶದ ಧಾರ್ ಜಿಲ್ಲೆಯ 92 ಡೈನೋಸಾರ್ ಗೂಡು, 256 ಮೊಟ್ಟೆ ಬಗ್ಗೆ ಪೇಪರ್ ಬಂತಲ್ಲ, ದೆಹಲಿ ವಿಶ್ವವಿದ್ಯಾಲಯದವರದ್ದು, ಅದ್ರ ಲೇಖಕರಲ್ಲಿ ವಿಶಾಲ್ ವರ್ಮಾ ಕೂಡ ಒಬ್ಬರು, ಅವರು ಅದೇ ಜಿಲ್ಲೆಯ ಬಾಕಾನೇರಿನ ಶಾಲಾ ಮೇಷ್ಟ್ರು, ವರ್ಷಗಟ್ಲೆ ನರ್ಮದಾ ಕಣಿವೆ ಸುತ್ತಿ ಫಾಸಿಲ್ ಹುಡುಕಿದೋರು. ಅದೇ ಧಾರ್ ಜಿಲ್ಲೆಯ ಪಾಡಲ್ಯಾ ಅನ್ನೋ ಊರಲ್ಲಿ ಜನ ಹೊಲದ ಗಡಿ ಕಾಯೋ ದೇವರು ಅಂತ ದುಂಡು ಕಲ್ಲುಗಳಿಗೆ ಪೂಜೆ ಮಾಡ್ತಿದ್ರು, ಅವೂ ಮೊಟ್ಟೆ ಅಂತ 2023ರ ಕೊನೆಗೆ ಸುದ್ದಿ ಆಯ್ತು. ಇದನ್ನ ಓದಿ ನಗೋ ಮುಂಚೆ ನಮ್ಮ ಮಾಧ್ವರ ಮನೆ ದೇವರ ಪೆಟ್ಟಿಗೆ ನೆನೆಸ್ಕೊಳ್ಳಿ, ಗಂಡಕಿ ನದಿಯ ಸಾಲಿಗ್ರಾಮದೊಳಗಿನ ಚಕ್ರ ಅಂದ್ರೆ ಅಮ್ಮೊನೈಟ್ ಅನ್ನೋ ಸಮುದ್ರ ಜೀವಿಯ ಚಿಪ್ಪಿನ ಅಚ್ಚು. ಪೂಜೆ ಮಾಡಿದ್ರಿಂದ ಏನೂ ನಷ್ಟ ಇಲ್ಲ, ಒಂದು ರೀತಿ ಭದ್ರವಾಗೇ ಉಳೀತು.

ತಪ್ಪಾಗೋ ಕಡೆಗೂ ನಮ್ಮಲ್ಲೇ ಉದಾಹರಣೆ ಇದೆ, ಮತ್ತೆ ತಪ್ಪು ಮಾಡೋರು ಬರೀ ಹವ್ಯಾಸಿಗಳಲ್ಲ ಅಂತ ಹೇಳಕ್ಕೆ ಇದಕ್ಕಿಂತ ಒಳ್ಳೇದು ಸಿಗಲ್ಲ. 2021ರಲ್ಲಿ ಭೀಮ್‌ಬೇಟ್ಕಾ ಗುಹೆಯ ಚಾವಣಿಯಲ್ಲಿ ಡಿಕಿನ್ಸೋನಿಯಾ ಸಿಕ್ತು ಅಂತ ದೊಡ್ಡ ಸುದ್ದಿ, ಡಿಕಿನ್ಸೋನಿಯಾ ಅಂದ್ರೆ ಸುಮಾರು 55 ಕೋಟಿ ವರ್ಷದ ಹಿಂದಿನ, ಗೊತ್ತಿರೋ ಪ್ರಾಣಿಗಳಲ್ಲೇ ತೀರಾ ಹಳೇದು. ಒರೆಗಾನ್ ವಿಶ್ವವಿದ್ಯಾಲಯದ ಗ್ರೆಗರಿ ರಿಟ್ಯಾಲಾಕ್ ಮತ್ತು ಜೊತೆಗಾರರ ಪೇಪರು, ಗೊಂಡ್ವಾನಾ ರಿಸರ್ಚ್ ಜರ್ನಲ್ಲು, ಏನೂ ಕಮ್ಮಿ ಇಲ್ಲ. ಆದ್ರೆ ಅದು ನೆಲದಿಂದ ಹನ್ನೊಂದು ಅಡಿ ಎತ್ತರದಲ್ಲಿತ್ತು, ಸಂರಕ್ಷಿತ ಜಾಗ ಬೇರೆ, ಮುಟ್ಟಿ ನೋಡಕ್ಕೆ, ಕೆರೆದು ನೋಡಕ್ಕೆ ಆಗ್ಲಿಲ್ಲ, ಫೋಟೋ ನೋಡಿ ತೀರ್ಮಾನಕ್ಕೆ ಬಂದ್ರು. ಫ್ಲೋರಿಡಾ ವಿಶ್ವವಿದ್ಯಾಲಯದ ಜೋಸೆಫ್ ಮೀರ್ಟ್ ತಂಡ 2022ರ ಡಿಸೆಂಬರಲ್ಲಿ ಹೋಗಿ ನೋಡಿದ್ರೆ ಆ 55 ಕೋಟಿ ವರ್ಷದ ಫಾಸಿಲ್ಲು ಎರಡೇ ವರ್ಷದಲ್ಲಿ ಸಿಪ್ಪೆ ಎದ್ದು ಉದುರ್ತಾ ಇದೆ. ಹೆಜ್ಜೇನು! ಹೆಜ್ಜೇನಿನ ಗೂಡು ಕಿತ್ತು ಹೋದ್ಮೇಲೆ ಬಂಡೆಗೆ ಅಂಟ್ಕೊಂಡು ಉಳಿಯೋ ಮೇಣದ ಕಲೆ ಅದು. ನಮ್ಮ ಮಲೆನಾಡಲ್ಲಿ ಬಂಡೆ ಕೆಳಗೆ ಓಡಾಡೋ ಯಾರನ್ನ ಕೇಳಿದ್ರೂ ಹೇಳಿರ್ತಿದ್ರೇನೋ. ರಿಟ್ಯಾಲಾಕ್ ತಪ್ಪು ಒಪ್ಕೊಂಡ್ರು, ಆ ವಿಷಯದಲ್ಲಿ ಅವರಿಗೆ ಮಾರ್ಕ್ಸ್ ಕೊಡ್ಬೇಕು, ಎಲ್ಲರೂ ಹಂಗೆ ಒಪ್ಪಲ್ಲ.

ತಮಿಳುನಾಡಿನ ಪೆರಂಬಲೂರಲ್ಲಿ 2020ರಲ್ಲಿ ಕೆರೆ ಅಗೆಯೋವಾಗ ದುಂಡಗಿನ ಕಲ್ಲು ಸಿಕ್ಕಿ ಡೈನೋಸಾರ್ ಮೊಟ್ಟೆ ಅಂತ ವೈರಲ್ ಆಯ್ತು, ನೋಡಿದ್ರೆ ಅವು ಕಾಂಕ್ರಿಷನ್ ಅಂತಾರಲ್ಲ, ಸಮುದ್ರದ ಕೆಸರಲ್ಲಿ ಅಮ್ಮೊನೈಟಿನಂಥಾದ್ದರ ಸುತ್ತ ಖನಿಜ ಕೂಡಿ ಆಗೋ ಉಂಡೆ. ದುಂಡಗಿದ್ದ ಮಾತ್ರಕ್ಕೆ ಮೊಟ್ಟೆ ಆಗಲ್ಲ. ಮೊಟ್ಟೆ ಅಂದ್ರೆ ಸಿಪ್ಪೆ ಇರ್ಬೇಕು, ಆ ಸಿಪ್ಪೇಲಿ ಗಾಳಿ ಹೋಗೋ ಸಣ್ಣ ರಂಧ್ರ ಇರ್ಬೇಕು, ಅದನ್ನೂ ತೆಳ್ಳಗೆ ಕತ್ತರಿಸಿ ಮೈಕ್ರೋಸ್ಕೋಪಲ್ಲೇ ನೋಡ್ಬೇಕು.

ಜಾಗದ ವಿಷಯ ಎಷ್ಟು ಸೀರಿಯಸ್ ಅನ್ನೋದಕ್ಕೆ ಒಂದು ಕೆಟ್ಟ ಉದಾಹರಣೆನೂ ನಮ್ಮದೇ. ಪಂಜಾಬ್ ವಿಶ್ವವಿದ್ಯಾಲಯದ ವಿ.ಜೆ. ಗುಪ್ತ ವರ್ಷಗಟ್ಲೆ ಹಿಮಾಲಯದಲ್ಲಿ ಫಾಸಿಲ್ ಸಿಕ್ತು ಅಂತ ನೂರಾರು ಪೇಪರ್ ಬರೆದ್ರು. 1989ರಲ್ಲಿ ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ ನೇಚರ್ ಪತ್ರಿಕೆಯಲ್ಲಿ ಬಯಲು ಮಾಡಿದ್ರು, ಹಿಮಾಲಯದ್ದು ಅಂದಿದ್ದ ಅಮ್ಮೊನೈಟ್ ಜಾತಿಯವು ಮೊರಾಕ್ಕೋದವು, ಪ್ಯಾರಿಸಿನ ಅಂಗಡೀಲಿ ಮಾರಾಟಕ್ಕಿರೋ ಥರದ್ದು, ಇನ್ನು ಕೆಲವು ನ್ಯೂಯಾರ್ಕ್ ರಾಜ್ಯದ್ದು. ಆ ಫಾಸಿಲ್‌ಗಳು ನಕಲಿ ಅಲ್ಲ ನೋಡಿ, ಅಸಲೀನೇ. ಅವುಗಳ ಜಾತಿ ಹೆಸರು ತಪ್ಪಾಗ್ಲೇಬೇಕು ಅಂತಿರ್ಲಿಲ್ಲ. ಸುಳ್ಳಾಗಿದ್ದಿದ್ದು ಸಿಕ್ಕಿದ ಜಾಗ, ಅಷ್ಟಕ್ಕೇ ಹಿಮಾಲಯದ ಭೂಗರ್ಭ ಇತಿಹಾಸದ ಎಷ್ಟೋ ಭಾಗ ಅನುಮಾನಕ್ಕೆ ಬಿತ್ತು, ಅದನ್ನ ನಂಬಿ ಕೆಲ್ಸ ಮಾಡಿದ್ದ ಬೇರೆಯವರದ್ದೂ ಹಾಳು.

ಸರಿ, ಕರ್ನಾಟಕದಲ್ಲಿ ನಿಮಗೊಂದು ಸಿಕ್ತು ಅಂದ್ಕೊಳ್ಳಿ. ಮೊದ್ಲು ನಿಮ್ಮೂರಿನ ಕಲ್ಲು ಯಾವುದು ಅಂತ ನೋಡಿ, ಅಲ್ಲೇ ಅರ್ಧ ಉತ್ತರ ಬರತ್ತೆ. ನಮ್ಮ ರಾಜ್ಯದ ಬಹುಪಾಲು ಗ್ರಾನೈಟ್, ನೈಸ್ ಅನ್ನೋ ಕಲ್ಲು, ಲಾಲ್‌ಬಾಗಿನ ಬಂಡೆ ಥರದ್ದು, 250ರಿಂದ 300 ಕೋಟಿ ವರ್ಷ ಹಳೇದು, ಆಗ ಮೂಳೆ ಇರೋ ಪ್ರಾಣೀನೇ ಹುಟ್ಟಿರ್ಲಿಲ್ಲ, ಮೇಲಾಗಿ ಆ ಕಲ್ಲೆಲ್ಲ ಬೆಂದು ಕರಗಿ ಹಿಸುಕಿ ಆಗಿರೋದು. ಮೈಸೂರು, ಮಂಡ್ಯ, ಕೋಲಾರದ ಬಂಡೇಲಿ ಡೈನೋಸಾರ್ ಹೆಜ್ಜೆ ಗುರುತು ಅಂತ ಯಾರಾದ್ರೂ ಕಳಿಸಿದ್ರೆ ನೋಡದೇನೇ ಇಲ್ಲ ಅನ್ಬಹುದು. ಆದ್ರೆ ಚಿತ್ರದುರ್ಗದ ಕಡೆಯ ಹಳೇ ಸುಣ್ಣಕಲ್ಲಲ್ಲಿ, ಬಾಗಲಕೋಟೆ ಕಡೆಯ ಕಲಾದಗಿ ಪದರಗಳಲ್ಲಿ ಸ್ಟ್ರೊಮಾಟೊಲೈಟ್ ಇದೆ, ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ದಿಬ್ಬಗಳು, ಅವು ಅಸಲಿ ಜೀವದ ಗುರುತು. ಉತ್ತರಕ್ಕೆ ಹೋದ್ರೆ ಕಪ್ಪು ಬಸಾಲ್ಟ್, ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ, ಆ ಲಾವಾ ಪದರಗಳ ಮಧ್ಯೆ ಅಲ್ಲಲ್ಲಿ ಕೆರೆ ಕುಂಟೆಯ ಕೆಸರು ಸಿಕ್ಹಾಕ್ಕೊಂಡಿದೆ, ಗುರುಮಠಕಲ್ ಕಡೆ ಅಂಥ ಪದರದಲ್ಲಿ ಸಿಹಿನೀರಿನ ಬಸವನಹುಳು ಚಿಪ್ಪು, ಆಸ್ಟ್ರಕೋಡ್ ಅನ್ನೋ ಪುಟಾಣಿ ಜೀವಿಗಳ ಫಾಸಿಲ್ ದಾಖಲಾಗಿದೆ. ಸಪ್ಪೆ ಅನ್ಸತ್ತೆ, ಡೈನೋಸಾರ್ ಅಲ್ವಲ್ಲ ಅಂತ. ಆದ್ರೆ ಲಾವಾ ಎರಡು ಸಲ ಹರಿಯೋದ್ರ ಮಧ್ಯೆ ಅಲ್ಲಿ ಏನು ಬದುಕಿತ್ತು ಅಂತ ಹೇಳೋದು ಆ ಬಸವನಹುಳುನೇ.

ಇನ್ನು ನಮ್ಮಲ್ಲಿ ಜಾಸ್ತಿ ಜನ ಮೋಸ ಹೋಗೋದು ಡೆಂಡ್ರೈಟಿಗೆ. ಕಲ್ಲಿನ ಪದರ ಬಿಡಿಸಿದಾಗ ಒಳಗೆ ಕಪ್ಪಗೆ ಜರಿಗಿಡದ ಎಲೆ ಥರಾನೇ ಕಾಣತ್ತೆ, ಅಷ್ಟು ಚೆಂದ, ಆದ್ರೆ ಅದು ಗಿಡ ಅಲ್ಲ, ಬಿರುಕಲ್ಲಿ ನೀರು ಇಳಿದು ಮ್ಯಾಂಗನೀಸ್ ಆಕ್ಸೈಡ್ ಕವಲೊಡೆದು ಬೆಳೆದಿರೋದು. ಎಲೆ ಆಗಿದ್ರೆ ನಡುನರ ಇರ್ಬೇಕು, ಕವಲುಗಳು ಒಂದು ಕ್ರಮದಲ್ಲಿ ಇರ್ಬೇಕು, ಅಂಚು ಅಂತ ಒಂದಿರ್ಬೇಕು. ಡೆಂಡ್ರೈಟಲ್ಲಿ ಬಿರುಕು ಹೋದ ಕಡೆ ಕವಲು ಹೋಗಿರತ್ತೆ.

ಅದೆಲ್ಲ ದಾಟಿ ನಿಜವಾಗ್ಲೂ ಏನೋ ಇದೆ ಅನ್ಸಿದ್ರೆ, ತೆಗೆಯೋ ಮುಂಚೆ ಇದ್ದಂಗೇ ಫೋಟೋ ತೆಗೀರಿ, ಪಕ್ಕದಲ್ಲಿ ಸ್ಕೇಲೋ ಪೆನ್ನೋ ಏನೋ ಒಂದು ಅಳತೆಗೆ ಇಟ್ಟು, ಆಮೇಲೆ ದೂರ ನಿಂತು ಇಡೀ ಜಾಗ ಕಾಣೋ ಹಾಗೆ ಇನ್ನೊಂದು, ಫೋನಲ್ಲಿ ಲೊಕೇಶನ್ ಸೇವ್ ಮಾಡಿ, ಬಂಡೆಯಲ್ಲೇ ಕೂತಿತ್ತಾ ಇಲ್ಲ ಕೆಳಗೆ ಉದುರಿ ಬಿದ್ದಿತ್ತಾ ಅಂತ ಬರೆದಿಡಿ, ಈ ಕೊನೇದನ್ನ ಯಾರೂ ಬರೆಯಲ್ಲ, ತಜ್ಞರು ಮೊದ್ಲು ಕೇಳೋದು ಅದನ್ನೇ. ವಿನೆಗರ್ ಹಾಕಿ ತೊಳೀಬೇಡಿ, ವಾರ್ನಿಶ್ ಹೊಡೀಬೇಡಿ, ಫೆವಿಕ್ವಿಕ್ ಹಾಕಿ ಅಂಟಿಸ್ಬೇಡಿ. ಆ್ಯಪಲ್ಲಿ ಫೋಟೋ ಹಾಕಿ ಕೇಳೋದು ತಪ್ಪೇನಲ್ಲ, ಆದ್ರೆ ಅದು ಆಕಾರ ಮಾತ್ರ ನೋಡತ್ತೆ, ಆಸ್ಟ್ ಕ್ಲಿಫ್ ಪಂಡಿತರೂ ಆಕಾರ ನೋಡೇ ಕಾಲು ಅಂದಿದ್ದು. ಬೆಂಗಳೂರಿನ ಕುಮಾರಸ್ವಾಮಿ ಲೇಔಟಲ್ಲಿ ಜಿಎಸ್‌ಐ ಅಂದ್ರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಕಚೇರಿ ಇದೆ, ಲಖನೌನಲ್ಲಿ ಫಾಸಿಲ್ ಅಧ್ಯಯನ ಮಾಡೋ ಬೀರಬಲ್ ಸಾಹ್ನಿ ಸಂಸ್ಥೆ ಇದೆ, ಹತ್ತಿರದ ಯೂನಿವರ್ಸಿಟಿಯ ಜಿಯಾಲಜಿ ಡಿಪಾರ್ಟ್‌ಮೆಂಟೂ ಆಗತ್ತೆ. ಉತ್ತರ ತಡ ಆಗ್ಬಹುದು, ಬರದೇನೂ ಇರ್ಬಹುದು, ಇನ್ನೊಬ್ಬರಿಗೆ ಬರೀರಿ.

ಕೊಟ್ಟ ಮೇಲೆ ಅದು ಯಾರದ್ದು ಅನ್ನೋ ಪ್ರಶ್ನೆ ನಮ್ಮಲ್ಲಿ ಇನ್ನೂ ಗೊಂದಲ. ಇಂಗ್ಲೆಂಡಿನ ವೆಸ್ಟ್ ಡಾರ್ಸೆಟ್ ಕರಾವಳಿಯಲ್ಲಿ ಹವ್ಯಾಸಿಗಳಿಗೆ ಅಂತಲೇ ಒಂದು ಸಂಹಿತೆ ಇದೆ, ಮಹತ್ವದ್ದು ಸಿಕ್ರೆ ನೋಂದಾಯಿಸ್ಬೇಕು, ಆದ್ರೆ ಹುಡುಕಿದೋನನ್ನ ಕಳ್ಳನ ಥರ ನೋಡಲ್ಲ, ಹಂಗಾಗಿ ಜನ ಮುಚ್ಚಿಡಲ್ಲ. ನಮ್ಮಲ್ಲಿ 2022ರ ಡಿಸೆಂಬರಲ್ಲಿ ಭೂಪರಂಪರೆ ತಾಣ ಮತ್ತು ಅವಶೇಷಗಳ ಮಸೂದೆಯ ಕರಡು ಬಿಟ್ಟು ಅಭಿಪ್ರಾಯ ಕೇಳಿದ್ರು, ಎಲ್ಲ ಅಧಿಕಾರ ಜಿಎಸ್‌ಐ ಒಂದಕ್ಕೇ ಹೋಗತ್ತೆ ಅಂತ ಸಂಶೋಧಕರಿಂದಲೇ ಆಕ್ಷೇಪ ಬಂತು. ಕಾನೂನು ಬೇಕು, ಡೌಟೇ ಇಲ್ಲ, ನರ್ಮದಾ ಕಣಿವೆಯ ಮೊಟ್ಟೆಗಳು ಕಳುವಾಗಬಾರ್ದು. ಆದ್ರೆ ಅದ್ರಲ್ಲಿ ಬಾಕಾನೇರಿನ ಮೇಷ್ಟ್ರಂಥೋರಿಗೆ ಜಾಗ ಎಲ್ಲಿ ಅಂತ ಬರೀದೇ, ಮುಟ್ಟಿದ್ರೆ ಶಿಕ್ಷೆ ಅಂತ ಮಾತ್ರ ಬರೆದ್ರೆ, ಹೊಲದಲ್ಲಿ ಮೂಳೆ ಸಿಕ್ಕ ರೈತ ಮಾಡೋ ಮೊದಲ ಕೆಲ್ಸ ಅದನ್ನ ವಾಪಸ್ ಮಣ್ಣಿಗೆ ಹಾಕಿ ಟ್ರ್ಯಾಕ್ಟರ್ ಹೊಡೆಯೋದು.